ಹೊಲಿಗೆಯೊಳಗೆ ಹೂತ ಅಂಕಿ

ಹೋಗಿಬರುವ ಬಸ್ಸಿಗೆ ಒಂದು ಅಂಗಿ ಹೊಲಿದ ಕೂಲಿ, ಅಂಗಡಿಗೆ ಬಾಗಿಲು ಹಾಕಿಬಂದದ್ದಕ್ಕೆ ಮೂರು ಅಂಗಿಯ ಕೂಲಿ ನಷ್ಟ. ಗ್ರಂಥಾಲಯದಲ್ಲಿ ಗೆಜೆಟ್ ನೋಡುವುದಕ್ಕೆ ಮಾತ್ರ ಕಾಸಿಲ್ಲ. ದರ್ಜಿ ಹೆಂಗಸು ಅಲ್ಲಿಗೆ ಬಂದದ್ದು ಇದು ಮೂರನೆಯ ಸಲ.

ರಸ್ತೆ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತ್ತು. ಯಾರ್‍ಯಾರ ಅಂಗಡಿ ಒಡೆಯುತ್ತಾರೆ, ತಕರಾರು ಕೊಡಲು ಯಾವತ್ತಿನವರೆಗೆ ಅವಕಾಶ, ಎಲ್ಲ ಗೆಜೆಟ್ಟಿನಲ್ಲಿದೆ, ಹೋಗಿ ಗ್ರಂಥಾಲಯದಲ್ಲಿ ನೋಡಿಕೊಳ್ಳಿ ಎಂದು ಕಚೇರಿಯವರು ಕೈ ತೊಳೆದುಕೊಂಡಿದ್ದರು. ಮೊದಲೆರಡು ಸಲ ಬಂದಾಗ ಗೆಜೆಟ್ಟುಗಳು ಬೈಂಡಿಂಗಿಗೆ ಹೋಗಿದ್ದವು. ವರ್ಷದ್ದನ್ನೆಲ್ಲ ಒಟ್ಟು ಮಾಡಿ ಒಂದೇ ಸಲ ಕಳಿಸುವುದು ಅಲ್ಲಿಯ ಪದ್ಧತಿ. ಪ್ಯಾಂಟಿನ ಅಂಚು ಮಡಿಸಿಕೊಡಲು ತಾನು ಇಷ್ಟು ಸತಾಯಿಸಿದರೆ ಗಿರಾಕಿಗಳು ಸುಮ್ಮನೆ ಬಿಡುತ್ತಾರಾ ಎಂದು ಅವಳು ಕೇಳಿದಾಗ ಗ್ರಂಥಪಾಲಕರು ತಲೆ ಕೆರೆದುಕೊಂಡು ನಕ್ಕಿದ್ದರು.

ಇವತ್ತು ಅವರೇ ಇಟ್ಟಿಗೆಯಂಥ ಸಂಪುಟ ಹೊತ್ತುತಂದು, ಪುಟ ತೆಗೆದುಕೊಟ್ಟರು. ಬೈಂಡಿನವನು ಒಳಗೆ ಜಾಗ ಬಿಡದೆ ದಪ್ಪ ನೂಲು ಎಳೆದಿದ್ದ. ಬೀದಿಯ ಹೆಸರು ಕಾಣುತ್ತಿತ್ತು. ಸಾಲಿನ ಕೊನೆಯ ಅಂಕಿಗಳೆಲ್ಲ ಹೊಲಿಗೆಯೊಳಗೆ ಹೂತಿದ್ದವು. ಅಂಗಡಿಯ ನಂಬರೂ ಅಲ್ಲೇ, ತಕರಾರಿನ ಕೊನೆಯ ದಿನವೂ ಅಲ್ಲೇ. ಬಾವಿಗೆ ಬಿದ್ದ ಚೊಂಬು ಹುಡುಕುವವರ ಹಾಗೆ ಇಬ್ಬರೂ ಬಗ್ಗಿ ಇಣುಕಿದರು. ಬೇರೆ ಪ್ರತಿ ಇರಲಿಲ್ಲ.

"ನಾಲ್ಕು ಹೊಲಿಗೆ ಬಿಚ್ಚಿ ನೋಡ್ಬಿಟ್ಟು, ಮತ್ತೆ ಹಾಗೇ ಹಾಕಿಕೊಡ್ತೀನಿ ಸಾರ್."

ಸರ್ಕಾರದ ಸ್ವತ್ತು, ಕೈ ಹಾಕಿದರೆ ತಮ್ಮ ಕೆಲಸಕ್ಕೇ ಕುತ್ತು ಎಂದರು ಅವರು. ಆಮೇಲೆ ಅವಳ ಮುಖ ನೋಡಿ ಎದ್ದು ನಿಂತರು.

"ನಾನು ನೀರು ಕುಡಿದು ಬರ್ತೀನಮ್ಮಾ. ನಂದು ಸ್ವಲ್ಪ ದೊಡ್ಡ ಬಾಯಾರಿಕೆ."

ಅವಳು ಚೀಲದಿಂದ ಸೂಜಿ ತೆಗೆದು ರಟ್ಟಿನ ಮೇಲಿನ ನೂಲು ಬಿಡಿಸಿದಳು. ಪುಟ ಬಾಯಿಬಿಟ್ಟಿತು. ಅವಳ ಅಂಗಡಿಯ ನಂಬರು ಇತ್ತು. ಅದರ ಕೆಳಗೆ ದಿನಾಂಕವೂ ಇತ್ತು.

ಗ್ರಂಥಪಾಲಕರು ಬರುವಷ್ಟರಲ್ಲಿ ಅದೇ ತೂತುಗಳಲ್ಲಿ ಮತ್ತೆ ನೂಲು ಪೋಣಿಸುತ್ತಿದ್ದಳು.

"ಸಿಕ್ತಾ?"

"ಸಿಕ್ತು ಸಾರ್. ಹೋದ ತಿಂಗಳೇ ಮುಗಿದುಹೋಗಿದೆ."

ಹೋದ ತಿಂಗಳು ಸಂಪುಟ ಬೈಂಡಿನವನ ಹತ್ತಿರವಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಗ್ರಂಥಪಾಲಕರು ತಾವು ತಂದ ನೀರಿನ ಲೋಟವನ್ನು ಅವಳ ಮುಂದೆ ಸರಿಸಿದರು.

ಅವಳು ಗಂಟು ಹಾಕಿ, ಹಲ್ಲಿನಲ್ಲಿ ನೂಲು ಕಡಿದಳು. ಅಂಗಡಿ ಹೋಯಿತು. ಈ ಸಲ ಹೊಲಿಗೆಯನ್ನು ಬಿಗಿಯಾಗಿ ಎಳೆದಿರಲಿಲ್ಲ. ಇನ್ನು ಬರುವವರಿಗೆ ಅಂಕಿ ಕಾಣುತ್ತದೆ.