ಮುಷ್ಟಿ ಕಾಳಿನ ಗುಡಾಣ

ದೇವಿಬಾಯಿ ಅಂಗಳ ಸಾರಿಸುತ್ತಿದ್ದಳು. ಬಕೀಟಿನ ಸಗಣಿ ನೀರು ಅರ್ಧ ಅಂಗಳಕ್ಕೇ ಮುಗಿಯುವಂತಿತ್ತು. ಬಗ್ಗಿದಾಗಲೆಲ್ಲ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಂದು ಕೈ ನೆಲಕ್ಕೆ ಊರಿ, ಕತ್ತಲೆ ಸರಿಯುವ ತನಕ ಕಾದು, ಮತ್ತೆ ಇನ್ನೊಂದು ಕೈ ಆಡಿಸುತ್ತಿದ್ದಳು. ನಿನ್ನೆ ಮಧ್ಯಾಹ್ನ ಕುಡಿದ ಹುಣಸೆ ಚಿಗುರಿನ ಸಾರೇ ಕೊನೆ. ಅದರ ಮೇಲೆ ಹೊಟ್ಟೆಗೆ ಬಿದ್ದದ್ದು ನೀರು.

ಒಳಗೆ ಗಂಡ ಠಾಕಪ್ಪ ಕಂಬಳಿಯ ಕೆಳಗೆ ನಡುಗುತ್ತಿದ್ದ. ಯುದ್ಧಕ್ಕೆ ಸಾಗವಾನಿ ಬೇಕೆಂದು ಗುತ್ತಿಗೆದಾರನೊಬ್ಬ ಇಪ್ಪತ್ತು ಮಂದಿಯನ್ನು ಕಾಡಿಗೆ ಕರೆದೊಯ್ದಿದ್ದ. ಹದಿನಾರು ಮಂದಿ ಚಳಿಜ್ವರ ಹೊತ್ತುಕೊಂಡು ಬಂದರು. ನಾಲ್ವರು ಬರಲೇ ಇಲ್ಲ. ಬಂದವರಲ್ಲಿ ಠಾಕಪ್ಪನೂ ಒಬ್ಬ, ಅದೊಂದೇ ಸಮಾಧಾನ. ಅವನ ಪಕ್ಕದಲ್ಲಿ ಮೂರು ತಿಂಗಳ ಕೂಸು ಅಳುತ್ತಿತ್ತು. ಅಳುವುದಕ್ಕೂ ಅದಕ್ಕೆ ದನಿ ಸಾಲುತ್ತಿರಲಿಲ್ಲ. ದೇವಿಬಾಯಿಯ ಎದೆಯಲ್ಲಿ ಹಾಲು ಬತ್ತಿ ನಾಲ್ಕು ದಿನವಾಗಿತ್ತು.

'ಇವತ್ತೊಂದು ದಿನ' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಾಳೆ ಸೋಮವಾರ. ಗುಡಾಣ ತೆರೆಯುವ ದಿನ. ಈ ಸಲ ಅವಳ ಮನೆಯ ಪಾಳಿ.

"ಅವ್ವಾ! ಅವ್ವಾ!"

ಮಗಳು ಗೌರಿ ಓಣಿಯ ಆ ತುದಿಯಿಂದ ಓಡಿ ಬಂದಳು. ಏಳು ವರ್ಷದ ಹುಡುಗಿ, ಕಾಲು ಕಡ್ಡಿಯಂತಿದ್ದರೂ ಓಟಕ್ಕೇನೂ ಕಮ್ಮಿಯಿಲ್ಲ.

"ತಾಯವ್ವಾಯಿ ಮನಿ ಮುಂದ ಬಂಡಿ ನಿಂತೈತಿ. ಗುಡಾಣ ಒಯ್ಯಾಕ ಬಂದಾರ!"

"ಯಾರ?"

"ಸಾವಕಾರ್ರು. ತಲಾಟಿನೂ ಬಂದಾನ."

ದೇವಿಬಾಯಿ ಸಗಣಿ ಕೈಯಲ್ಲೇ ಎದ್ದು ಓಡಿದಳು.

ಬಿದಿರಹಟ್ಟಿ ಸಾಂಬ್ರಾಣಿ ಊರಿನಿಂದ ಒಂದು ಹರದಾರಿ ದೂರದ ಕೇರಿ. ಇಪ್ಪತ್ತೆರಡು ಮನೆ, ಎಲ್ಲ ಕೂಲಿಯ ಮಂದಿ. ಹೊರಗಿನಿಂದ ಬರುತ್ತಿದ್ದ ಅಕ್ಕಿ ಯುದ್ಧದಿಂದ ನಿಂತಿತು. ಗದ್ದೆಯ ಭತ್ತ ಸರ್ಕಾರದ ಹೆಸರಿನಲ್ಲಿ ಹೋಯಿತು. ಸಂತೆಯಲ್ಲಿ ಕಾಳಿನ ಚೀಲ ಕಾಣೆಯಾದವು. ಆಗ ಕೇರಿಯ ಹೆಂಗಸರು ಕೂಡಿ ಒಂದು ದಾರಿ ಮಾಡಿಕೊಂಡಿದ್ದರು. ಮುದುಕಿ ತಾಯವ್ವನ ಪಡಸಾಲೆಯಲ್ಲಿ ಎದೆಯುದ್ದದ ಮಣ್ಣಿನ ಗುಡಾಣವೊಂದನ್ನು ಇಟ್ಟರು. ಪ್ರತಿ ಮನೆಯಾಕೆ ದಿನಾ ಒಲೆ ಹಚ್ಚುವ ಮೊದಲು ಒಂದು ಮುಷ್ಟಿ ಕಾಳು ತಂದು ಅದಕ್ಕೆ ಹಾಕಬೇಕು. ಯಾರ ಮನೆಯಲ್ಲಿ ದುಡಿಯುವ ಕೈ ಬಿತ್ತೋ ಅವರಿಗೆ ಪಾಳಿಯಂತೆ ಸೋಮವಾರ ಗುಡಾಣದ ಕಾಳು.

ಇದಕ್ಕೆ ತಾಯವ್ವ ಒಂದೇ ಕಟ್ಟಳೆ ಹಾಕಿದ್ದಳು. ಗುಡಾಣದ ಬಾಯಿಗೆ ಸದಾ ಒಂದು ಅರಿವೆ ಹೊದಿಸಿರಬೇಕು. ಕೈಯನ್ನು ಅರಿವೆಯ ಕೆಳಗೆ ತೂರಿಸಿ ಹಾಕಬೇಕು. ಯಾರ ಮುಷ್ಟಿ ತುಂಬಿತ್ತು, ಯಾರದು ಅರ್ಧವಿತ್ತು, ಯಾರದು ಬರಿದಾಗಿತ್ತು, ನೋಡುವಂತಿಲ್ಲ. ಕೇಳುವಂತಿಲ್ಲ. ಹೇಳುವಂತಿಲ್ಲ. "ಇಲ್ಲದಾಕೀನೂ ಬರಬೇಕು, ಕೈ ಹಾಕಿ ಹೋಗಬೇಕು. ಬರೂದು ಬಿಟ್ಲಂದ್ರ ಆಕಿ ಕೇರಿ ಬಿಟ್ಟಂಗ" ಎನ್ನುತ್ತಿದ್ದಳು. ಗೌರಿ ಒಮ್ಮೆ "ಶಾಂತಿಕಾಕಿ ಎಷ್ಟು ಹಾಕಿದ್ಲವಾ?" ಎಂದಾಗ ದೇವಿಬಾಯಿ ಮಗಳ ಬಾಯಿಯ ಮೇಲೆ ಮೆಲ್ಲಗೆ ಬಡಿದಿದ್ದಳು.

ಹೀಗೆ ಎಂಟು ತಿಂಗಳು. ಬಿದಿರಹಟ್ಟಿಯಲ್ಲಿ ಹಸಿವಿನಿಂದ ಒಂದು ಜೀವವೂ ಹೋಗಿರಲಿಲ್ಲ.

ತಾಯವ್ವನ ಮನೆಯ ಮುಂದೆ ಖಾಜಾಸಾಬನ ಬಂಡಿ ನಿಂತಿತ್ತು. ಅವನೂ ಇದೇ ಕೇರಿಯವನು. ಎತ್ತಿನ ಕೊರಳು ತುರಿಸುತ್ತ ತಲೆ ತಗ್ಗಿಸಿ ನಿಂತಿದ್ದ. ಪಡಸಾಲೆಯಲ್ಲಿ ಸಾವಕಾರ ಚನಬಸಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಊರಿನ ಲೆಕ್ಕ ಬರೆಯುವ ತಲಾಟಿ ಕೋಲಿನಿಂದ ಗುಡಾಣದ ಹೊಟ್ಟೆಗೆ ಬಡಿದು ಸಪ್ಪಳ ಕೇಳುತ್ತಿದ್ದ. ತಾಯವ್ವ ಗುಡಾಣವನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡಿದ್ದಳು.

"ಆಚೆ ಸರಿ ಮುದುಕೀ. ಒಂದು ಮನ್ಯಾಗ ಇಷ್ಟು ಕಾಳು ಕೂಡಿ ಹಾಕೂಹಂಗಿಲ್ಲ. ಕಾಯ್ದೆ ಬದಲಾಗೇತಿ" ಎಂದ ತಲಾಟಿ.

"ಇದು ನನ್ನ ಕಾಳಲ್ರೀ ಎಪ್ಪಾ."

"ಮತ್ಯಾರದು?"

"ಕೇರೀದು."

"ಕೇರಿ ಅಂದ್ರ ಯಾರು? ಹೆಸರು ಹೇಳು."

"ಎಲ್ಲಾರೂ."

ತಲಾಟಿ ನೆರೆದ ಹೆಂಗಸರ ಕಡೆ ತಿರುಗಿದ. "ಆತು. ಒಬ್ಬೊಬ್ರs ಮುಂದ ಬರ್ರಿ. ಯಾರು ಎಷ್ಟು ಮುಷ್ಟಿ ಹಾಕೀರಿ ಹೇಳ್ರಿ. ಬರಕೊಂತೇನಿ. ಅವರವರ ಪಾಲು ಅವರವರು ಒಯ್ಯಿರಿ. ನನಗೇನು?"

ಯಾರೂ ಮುಂದೆ ಬರಲಿಲ್ಲ.

"ನೀ ಹೇಳವಾ" ಎಂದು ಅವನು ಸಗಣಿ ಕೈಯ ದೇವಿಬಾಯಿಗೇ ಕೋಲು ತೋರಿಸಿದ. "ನೀ ಎಷ್ಟು ಹಾಕೀದಿ?"

ದೇವಿಬಾಯಿ ಸಗಣಿ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಏಳು ತಿಂಗಳು ದಿನ ತಪ್ಪದೆ ತುಂಬಿದ ಮುಷ್ಟಿ ಹಾಕಿದ್ದಳು. ಬಾಣಂತಿಯಾಗಿದ್ದಾಗ ಗೌರಿಯ ಕೈಯಲ್ಲಿ ಕಳಿಸಿದ್ದಳು. ಹೇಳಬಹುದಿತ್ತು. ಆದರೆ ಠಾಕಪ್ಪ ಮಲಗಿದ ಮೇಲೆ, ಈ ಇಪ್ಪತ್ತು ದಿನ, ಅವಳು ದಿನಾ ಬಂದು ಅರಿವೆಯ ಕೆಳಗೆ ಬರಿಗೈ ಹಾಕಿ ಬೆರಳು ಬಿಡಿಸಿ ಹೋಗಿದ್ದಳು. ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕು. ನಾಳೆ ಒಯ್ಯುವವಳು ಅವಳೇ. ಇಡೀ ಕೇರಿ ನಿಂತಿದೆ. ಅವಳು ನೆಲ ನೋಡಿದಳು. ಆಚೀಚೆ ಇದ್ದವರೂ ನೆಲ ನೋಡುತ್ತಿದ್ದರು.

"ಎಷ್ಟು ಅಂತ ನಮಗ ಗೊತ್ತಿರೂದಿಲ್ರಿ" ಎಂದಳು ತಾಯವ್ವ. "ಗೊತ್ತಿರಬಾರದು. ಅದs ನಮ್ಮ ಪದ್ಧತಿ."

ತಲಾಟಿ ನಕ್ಕ. "ಕೇಳಿದ್ರ್ಯಾ ಸಾವಕಾರ್ರ? ಹಾಕಿದವರಿಗೇ ಗೊತ್ತಿಲ್ಲ. ಹಂಗಾದ್ರ ಇದು ಯಾರ ಕಾಳೂ ಅಲ್ಲ."

ಚನಬಸಪ್ಪ ಎದ್ದು ನಿಂತ. ಅವನ ದನಿ ಯಾವಾಗಲೂ ಮೆತ್ತಗೆ. "ಹೆಂಗಸರನ್ನ ಹೆದರಸಬ್ಯಾಡ್ರಿ. ನಾನs ಇವರಿಗೆ ಹೇಳಿ ಜಪ್ತಿ ತಪ್ಪಿಸೇನಿ, ಯವ್ವಾ. ಈಗ ನಮ್ಮ ಅನ್ನದಾನ ಕಮಿಟಿ ಆಗೇತಲ್ಲ, ಅದಕ್ಕ ಒಪ್ಪಸ್ರಿ. ನಾಳಿಂದ ಗಂಜಿ ಕೊಡ್ತೇವಿ. ನಿಮ್ಮ ಗುಡಾಣ ಒಂದು ಮನಿ ಹೊಟ್ಟಿ ತುಂಬಸ್ತಿತ್ತು. ಕಮಿಟಿ ಸುತ್ತಿನ ಊರಿಗೆಲ್ಲಾ ಉಣಸ್ತೈತಿ. ಕೆಟ್ಟೇನು ಇದರಾಗ?"

ಶಾಂತಿಬಾಯಿ ಹಿಂದಿನಿಂದ ಅಂದಳು, "ಎಂಟು ತಿಂಗಳ ಎಲ್ಲಿದ್ರಿ ಸಾವಕಾರ್ರ? ಗುಡಾಣ ತುಂಬೂ ಹಾದಿ ಕಾಯಾಕತ್ತಿದ್ರೇನು?"

"ನಾಲಿಗಿ ಉದ್ದ ಐತಿ ಈಕಿದು."

"ಉದ್ದ ಇರಾಕs ಬೇಕ್ರಿ. ಅದಕ್ಕ ಮಾಡಾಕ ಬ್ಯಾರೆ ಕೆಲಸಿಲ್ಲ, ಉಣ್ಣೂದs ಇಲ್ಲಲ್ಲ."

ಹೆಂಗಸರು ಅಷ್ಟರಲ್ಲೂ ನಕ್ಕರು. ಆದರೆ ಸಾವಕಾರನ ಆಳುಗಳು ತಾಯವ್ವನ ಕೈ ಬಿಡಿಸಿದರು. ಗುಡಾಣ ಬಂಡಿ ಏರಿತು. ಹಗ್ಗ ಬಿಗಿಯುವಾಗ ಖಾಜಾಸಾಬ ಯಾರ ಮುಖವನ್ನೂ ನೋಡದೆ ಅಂದ, "ಬಾಡಿಗಿ ಐತಿ ಬಾ ಅಂದ್ರು. ಏನು ಹೇರೂದು ಅಂತ ಹೇಳಲಿಲ್ಲ ತಂಗಿ. ನಮ್ಮ ಮನ್ಯಾಕಿ ಸಿರಾಜುನ್ನಿಸಾನ ಕಾಳೂ ಇದರಾಗ ಅದಾವ. ಈಗ ಮನೀಗೆ ಹೋಗಿ ಆಕಿಗೆ ಏನಂತ ಹೇಳ್ಲಿ?"

"ಖರೇನs ಹೇಳು" ಎಂದಳು ತಾಯವ್ವ.

ಬಂಡಿ ಹೋದ ಮೇಲೆ ಹೆಂಗಸರು ಬಾವಿಕಟ್ಟೆಯ ಮೇಲೆ ಕೂತರು. ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವುದೇನೂ ಇರಲಿಲ್ಲ.

"ನಾ ಹೇಳಬೇಕಿತ್ತು" ಎಂದಳು ದೇವಿಬಾಯಿ. ಸಗಣಿ ಕೈಯಲ್ಲಿ ಒಣಗಿ ಬಿರಿದಿತ್ತು. "ನನ್ನ ಕೇಳಿದ. ನಾ ಬಾಯಿ ಬಿಡಲಿಲ್ಲ. ಇಪ್ಪತ್ತು ದಿನದಿಂದ ಬರೇ ಕೈ ಹಾಕಿ ಬರಾಕತ್ತಿದ್ದೆ. ಹೆಂಗ ಹೇಳ್ಲಿ?"

ಶಾಂತಿಬಾಯಿ ಅವಳ ಹತ್ತಿರಕ್ಕೆ ಸರಿದು ಕೂತಳು.

"ನಂದು ಹದಿನೈದು ದಿನ" ಎಂದಳು.

"ನಂದೂ ಎಂಟು ದಿನ ಆತು" ಎಂದಳು ಇನ್ನೊಬ್ಬಳು.

ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ತಮ್ಮ ಬರಿಗೈಗೆ ನಾಚಿಯೇ ಬಾಯಿ ಮುಚ್ಚಿದ್ದರು. ತಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಚಿಕಿ ಆಗಬಾರದು ಅಂತ ಅರಿವಿ ಹೊದಿಸಿದ್ದೆ. ಅದs ನಾಚಿಕಿ ನಮ್ಮನ್ನ ಹಾಳು ಮಾಡ್ತು, ನೋಡ್ರಿ."

ಗೌರಿ ಕಟ್ಟೆಯ ಕೆಳಗೆ ಕೂತು ಎಲ್ಲ ಕೇಳುತ್ತಿದ್ದಳು. "ಅವ್ವಾ, ಮತ್ತ..." ಎಂದು ಬಾಯಿ ತೆರೆದಳು.

"ಸುಮ್ಮನಿರು" ಎಂದಳು ದೇವಿಬಾಯಿ.

ಮರುದಿನ ಗಂಜಿ ಸಿಗಲಿಲ್ಲ. ತಾಲೂಕಿನ ಮಾಮಲೇದಾರರು ಬಂದು ಉದ್ಘಾಟನೆ ಮಾಡಬೇಕಂತೆ, ಅವರಿಗೆ ಬುಧವಾರ ಬಿಡುವಂತೆ. ಆ ಎರಡು ದಿನ ದೇವಿಬಾಯಿ ಕಾಡಿನಂಚಿನಲ್ಲಿ ಕಾಡುಗೆಣಸು ಅಗೆದಳು. ಬೇಯಿಸಿದ ನೀರು ಬಸಿದು ಬಸಿದು ಕಹಿ ತೆಗೆದಳು. ಕೂಸಿನ ಬಾಯಿಗೆ ಅರಿವೆಯ ತುದಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಇಟ್ಟಳು. ಮಂಗಳವಾರ ಸಂಜೆ ಕೂಸು ಅಳುವುದನ್ನೂ ಬಿಟ್ಟಿತು. ಅಳದ ಕೂಸನ್ನು ಎತ್ತಿಕೊಂಡರೆ ತಾಯಿಯ ಕೈಗೆ ಎಂಥ ಭಾರ ಬರುತ್ತದೆಂದು ಅವಳಿಗೆ ಆಗ ಗೊತ್ತಾಯಿತು.

ಬುಧವಾರ ಸಾವಕಾರನ ಕಣದಲ್ಲಿ ಮಾವಿನ ತೋರಣ ಕಟ್ಟಿತ್ತು. ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು. ಮಾಮಲೇದಾರರು ಕುರ್ಚಿಯ ಮೇಲೆ, ಚನಬಸಪ್ಪ ಕೊರಳಲ್ಲಿ ಹೂಮಾಲೆ ಹಾಕಿಕೊಂಡು ಪಕ್ಕದಲ್ಲಿ, ತಲಾಟಿ ಹಂಡೆಯ ಬಳಿ ಹಾಳೆ ಹಿಡಿದುಕೊಂಡು. ಗಂಜಿ ಬೇಕಾದವರು ಸಾಲಾಗಿ ಬಂದು ದೊಡ್ಡ ದನಿಯಲ್ಲಿ ತಮ್ಮ ಹೆಸರು, ಗಂಡನ ಹೆಸರು ಹೇಳಬೇಕು. ದುಡಿಯುವವರು ಮನೆಯಲ್ಲಿ ಯಾಕಿಲ್ಲ ಎಂದು ಹೇಳಬೇಕು. ಆಮೇಲೆ 'ಸಾವಕಾರರ ಧರ್ಮದಿಂದ ಉಣ್ತೇನಿ' ಎನ್ನಬೇಕು. ಆಮೇಲೆ ಒಂದು ಸೌಟು.

ಮೊದಲು ನಿಂತ ಹೆಂಗಸು ಗಂಡನ ಹೆಸರು ಹೇಳಲಾರದೆ ತಡವರಿಸಿದಳು. "ಗಂಡನ್ನ ಮರತಿಯೇನು?" ಎಂದು ತಲಾಟಿ ಕೇಳಿದ. ಸುತ್ತ ನಿಂತ ಆಳುಗಳು ನಕ್ಕರು. ಅವಳು ಕಣ್ಣೀರಿನೊಡನೆ ಹೆಸರು ಹೇಳಿ, ಧರ್ಮ ಎಂದು ಹೇಳಿ, ಗಂಜಿ ಹಿಡಿದುಕೊಂಡು ಬಂದಳು.

ಶಾಂತಿಬಾಯಿ ಅವಳ ಪಾತ್ರೆಯೊಳಗೆ ಇಣುಕಿದಳು. ಕೆಂಪಕ್ಕಿಯ ನುಚ್ಚು, ರಾಗಿ, ಸಾವೆ, ಅಲ್ಲೊಂದು ಇಲ್ಲೊಂದು ಜೋಳ.

"ದೇವೀ, ನೋಡಿಲ್ಲೆ. ಯಾವ ಸಾವಕಾರನ ಕಣಜದಾಗ ನಾಕೂ ಕಾಳು ಹಿಂಗ ಕೂಡಿ ಇರ್ತಾವ? ಇದು ನಮ್ಮ ಗುಡಾಣ."

ಬಂಡಿಯಲ್ಲಿ ಸೌದೆ ತಂದಿಳಿಸುತ್ತಿದ್ದ ಖಾಜಾಸಾಬ ತಲೆ ಎತ್ತದೆ ಅಂದ, "ಬ್ಯಾರೆ ಕಾಳು ಎಲ್ಲೈತಿ? ಕಮಿಟಿ ಕೋಣ್ಯಾಗ ನಾನs ಇಳಿಸಿದೆ. ನಿಮ್ಮ ಗುಡಾಣ ಒಂದು, ಆ ಹೂಮಾಲಿ ಬುಟ್ಟಿ ಒಂದು. ಮೂರನೇದು ಕಣ್ಣಿಗೆ ಬೀಳಲಿಲ್ಲ."

ಮಾತು ಸಾಲಿನ ಉದ್ದಕ್ಕೂ ಕಿವಿಯಿಂದ ಕಿವಿಗೆ ಹೋಯಿತು. ಆದರೆ ಸಾಲು ಅಲುಗಲಿಲ್ಲ. ಹಂಡೆಯಿಂದ ಗಂಜಿಯ ವಾಸನೆ ಬರುತ್ತಿತ್ತು. ಹಸಿದವರಿಗೆ ಆ ವಾಸನೆ ಬಿಟ್ಟು ಬೇರೆ ಏನೂ ತಲೆಗೆ ಏರುವುದಿಲ್ಲ. ದೇವಿಬಾಯಿ ಕಂಕುಳಿನ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗಿತ್ತು. ಹೇಳಿಬಿಡುತ್ತೇನೆ, ಎಂದುಕೊಂಡಳು. ಏನು ಹೇಳೆಂದರೆ ಅದನ್ನು ಹೇಳುತ್ತೇನೆ.

ಅವಳ ಪಾಳಿ ಬಂತು.

"ಹೆಸರು?"

"ದೇವಿಬಾಯಿ."

"ಗಂಡ?"

"ಠಾಕಪ್ಪ" ಎಂದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಚಳಿಜ್ವರ ಐತ್ರಿ."

"ಮುಂದಿಂದು ಹೇಳು."

ಸೌಟು ಹಂಡೆಯ ಮೇಲೆ ಎದ್ದು ನಿಂತಿತ್ತು. ಅದರಿಂದ ಗಂಜಿ ಹನಿಹನಿಯಾಗಿ ಹಂಡೆಗೇ ಬೀಳುತ್ತಿತ್ತು. ದೇವಿಬಾಯಿ ಬಾಯಿ ತೆರೆಯುವಷ್ಟರಲ್ಲಿ ಗೌರಿ ಅವಳ ಸೆರಗಿನ ಹಿಂದಿನಿಂದ ಮುಂದೆ ಬಂದಳು.

"ಅವ್ವಾ, ನಾ ಒಂದು ಕೇಳ್ಲಿ?"

ದೇವಿಬಾಯಿಯ ಕೈ ತಾನಾಗಿ ಮಗಳ ಬಾಯಿಗೆ ಅಡ್ಡ ಬಂತು.

"ಹುಡುಗೀನ ಹಿಡಕೋ" ಎಂದ ತಲಾಟಿ. "ಹೇಳ್ತೀಯೋ, ಹಿಂದಿನವರಿಗೆ ಜಾಗಾ ಬಿಡ್ತೀಯೋ?"

ಕುರ್ಚಿಯ ಮೇಲಿದ್ದ ಮಾಮಲೇದಾರರು ಮುಂದಕ್ಕೆ ಬಾಗಿದರು. "ಇರ್ಲಿ ಬಿಡ್ರಿ, ಸಣ್ಣ ಕೂಸು. ಏನು ಬೇಕವಾ ನಿನಗ? ಇನ್ನೊಂದು ಸೌಟು ಬೇಕೇನು?"

ಗೌರಿ ಅಂಗೈಯ ಕೆಳಗೇ ಬೇಡವೆಂದು ತಲೆಯಾಡಿಸಿದಳು. ಮಗಳ ಬಿಸಿ ಉಸಿರು ದೇವಿಬಾಯಿಯ ಬೆರಳಿಗೆ ತಾಗುತ್ತಿತ್ತು. ಈ ಕೈ ತೆಗೆದರೆ ಸೌಟು ಹಂಡೆಗೇ ಮರಳಬಹುದು. ಕಂಕುಳಿನಲ್ಲಿ ಕೂಸು. ಮನೆಯಲ್ಲಿ ಕಂಬಳಿಯ ಕೆಳಗೆ ಅವನು. ಅವಳು ತಿರುಗಿ ನೋಡಿದಳು. ಸಾಲಿನಲ್ಲಿ ಬಿದಿರಹಟ್ಟಿಯ ಎಲ್ಲ ಹೆಂಗಸರೂ ಇದ್ದರು. ಭಾನುವಾರ ನೆಲ ನೋಡಿದವರು ಇವತ್ತು ಅವಳ ಕೈಯನ್ನೇ ನೋಡುತ್ತಿದ್ದರು. ತಾಯವ್ವ ಹೂಂ ಎನ್ನುವಂತೆ ಮೆಲ್ಲಗೆ ಗೋಣು ಹಾಕಿದಳು.

ದೇವಿಬಾಯಿ ಮಗಳ ಬಾಯಿಯಿಂದ ಕೈ ತೆಗೆದಳು.

"ಕೇಳವಾ" ಎಂದಳು.

ಗೌರಿ ಹೂಮಾಲೆಯ ಕಡೆ ಬೆರಳು ತೋರಿಸಿದಳು. ಕಣದ ಆಚೆ ದಂಡೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಕೇಳಿದಳು:

"ನಮ್ಮವ್ವ ಎಷ್ಟು ಮುಷ್ಟಿ ಹಾಕಿದ್ಲು ಅಂತ ಎಲ್ಲಾರ ಮುಂದ ಕೇಳಿದ್ರಲ್ಲ, ಈ ಸಾವಕಾರ್ರು ಎಷ್ಟು ಮುಷ್ಟಿ ಹಾಕ್ಯಾರ್ರೀ?"