ಸುಮ್ಮನಿದ್ದುದರ ಅರ್ಥ

ನಾಯಂಡಹಳ್ಳಿಗೆ ಬಂದ ಆ ನೋಟೀಸನ್ನು ಓದಿ ಹೇಳಿದವನು ನಾನು. ಓದಿ ಕೆಡಿಸಿದವನೂ ನಾನೇ.

ಐವತ್ತೇಳನೆಯ ಇಸವಿ. ನಮ್ಮ ಹತ್ತೊಂಬತ್ತು ಮನೆಗಳ ಹೊಲವನ್ನು ಬಡಾವಣೆಗೆ ತೆಗೆದುಕೊಳ್ಳುವುದಾಗಿ ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಉಳುವವನ ಹೊಲವನ್ನು ಅವನಿಗೆ ಬಾರದ ಭಾಷೆಯಲ್ಲಿ ಕೇಳಲು ಸರ್ಕಾರಕ್ಕೆ ನಾಚಿಕೆಯಿರಲಿಲ್ಲ. ಅದನ್ನು ಬಲ್ಲವನಂತೆ ಓದಲು ನನಗೂ ಇರಲಿಲ್ಲ. ಮೆಟ್ರಿಕ್ಕಿನಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದಿದ್ದ ನಾನು ವಾಚನಾಲಯದ ಜಗುಲಿಯ ಮೇಲೆ ನಿಂತು ಕೊನೆಯ ಸಾಲಿಗೆ ಬಂದೆ. ಮೂವತ್ತು ದಿನದೊಳಗೆ ತಕರಾರು ಬಾರದಿದ್ದರೆ ಆ ಸೈಲೆನ್ಸು ‘ಕನ್ಸ್ಟ್ರೂಡ್ ಆಸ್ ಕನ್ಸೆಂಟ್’.

ಕನ್ಸೆಂಟ್ ಎಂದರೆ ಒಪ್ಪಿಗೆ, ಅದು ಗೊತ್ತಿತ್ತು. ಮೈಸೂರು ರಸ್ತೆಯ ಮೋರಿಯ ಬಳಿ ‘ಅಂಡರ್ ಕನ್ಸ್ಟ್ರಕ್ಷನ್’ ಎಂಬ ಬೋರ್ಡು ನೋಡಿದ್ದೆ. ಎರಡನ್ನೂ ಜೋಡಿಸಿದೆ.

“ಸುಮ್ನಿದ್ದೋರಿಗೆ ಅವರವರ ಒಪ್ಪಿಗೆಯಂತೆ ಮನೆ ಕಟ್ಟಿಕೊಡ್ತಾರಂತೆ.”

ಹೊಲ ಹೇಗೂ ಹೋಗುತ್ತದೆ, ಮನೆಯಾದರೂ ಸಿಗಲಿ ಎಂದು ಎಲ್ಲರೂ ಬಾಯಿ ಹೊಲಿದುಕೊಂಡರು. ನನ್ನ ಚಿಕ್ಕಮ್ಮ ಮುನಿತಾಯಮ್ಮ ಒಬ್ಬಳೇ ಬಗ್ಗಲಿಲ್ಲ.

“ಬಾಯಿ ಮುಚ್ಚಿದೋರಿಗೆ ಸರ್ಕಾರ ಯಾವತ್ಲಾ ಏನ್ ಕೊಟ್ಟೈತೆ?”

“ಸುಮ್ಕಿರಮ್ಮಿ, ನಿನ್ ಬಾಯಿಂದ ನಮ್ಮನೆ ಹೋಗ್ತೈತೆ!” ಎಂದು ಪಕ್ಕದ ಹೊಲದ ಬೈರಪ್ಪ ಗದರಿದ.

ಇಪ್ಪತ್ತೊಂಬತ್ತನೆಯ ದಿನ ಚಿಕ್ಕಮ್ಮನ ಕಾಟ ತಾಳಲಾರದೆ ನೋಟೀಸು ಹಿಡಿದು ರಾಜಾಜಿನಗರಕ್ಕೆ ನಡೆದೆ. ಹೊಸ ಮನೆಗಳ ಸಾಲು, ಗೋಡೆಗಳಿಗೆ ಇನ್ನೂ ಸುಣ್ಣದ ವಾಸನೆ. ಅದೂ ಯಾರದೋ ಹೊಲವೇ. ಹೈಸ್ಕೂಲಿನ ಅಲಮೇಲು ಟೀಚರ್ ಗೇಟಿನಲ್ಲೇ ನಿಂತು ಓದಿದರು. ಮನೆ ಕಟ್ಟಿಕೊಡುವ ಮಾತು ನಿಜವೇ ಎಂದು ಕೇಳಿದೆ.

“ಇದನ್ನ ಯಾರು ನಿಮಗೆ ಹೀಗೆ ಹೇಳಿದ್ದು?”

“ನಾನೇ, ಮೇಡಂ.”

“ಕನ್ಸ್ಟ್ರಕ್ಟ್ ಅಲ್ಲ ಕಣಪ್ಪ, ಕನ್ಸ್ಟ್ರೂ. ಅಂದ್ರೆ ಹೀಗೆ ಅಂತ ಅರ್ಥ ಮಾಡ್ಕೊಳ್ಳೋದು. ನೀವು ಸುಮ್ಮನಿದ್ರೆ ಅದನ್ನೇ ಒಪ್ಪಿಗೆ ಅಂತ ಅರ್ಥ ಮಾಡ್ಕೋತಾರೆ.”

“ನಾವು ಏನೂ ಅನ್ನದೆ ಇದ್ದದ್ದಕ್ಕೆ ಅರ್ಥ ಎಲ್ಲಿಂದ ಬಂತು?”

“ಅರ್ಥ ಮಾಡೋ ಅಧಿಕಾರ ಯಾರ ಕೈಲಿದೆಯೋ ಅಲ್ಲಿಂದ,” ಎಂದು ಗೇಟು ಹಾಕಿಕೊಂಡರು.

ಊರಿನಲ್ಲಿ ಹೇಳಿದಾಗ ಬೈರಪ್ಪ ನನ್ನ ಕಾಲಬುಡಕ್ಕೆ ಉಗಿದ.

“ನಿನ್ ಇಂಗ್ಲೀಷಿಗೆ ಬೆಂಕಿ ಬೀಳ! ಗೊತ್ತಿಲ್ಲ ಅನ್ನಕ್ಕೆ ನಿನ್ನ ಗಂಟೇನು ಹೋಗ್ತಿತ್ತೋ?”

ಆ ರಾತ್ರಿಯೇ ಕೂತು ಕನ್ನಡದಲ್ಲಿ ತಕರಾರು ಅರ್ಜಿ ಬರೆದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಮೂವತ್ತನೆಯ ದಿನ ಹತ್ತೊಂಬತ್ತು ಮನೆಯವರೂ ನೋಟೀಸು ಕಳಿಸಿದ ಕಚೇರಿಯ ಮುಂದಿದ್ದೆವು.

ಗುಮಾಸ್ತ ಅರ್ಜಿಯನ್ನು ಮುಟ್ಟಲೇ ಇಲ್ಲ. “ಸಾಹೇಬರು ಕ್ಯಾಂಪಿಗೆ ಹೋಗಿದಾರೆ. ನಾಳೆ ಬನ್ನಿ.”

“ಸಾರ್, ನಾಳೆಗೆ ಗಡುವು ಮುಗಿದಿರುತ್ತೆ.”

“ಅದಕ್ಕೆ ನಾನೇನು ಮಾಡ್ಲಿ? ಇಷ್ಟು ದಿನ ನಿದ್ದೆ ಮಾಡ್ತಿದ್ರಾ?”

“ತಗೊಂಡು ಒಂದು ಮೊಹರು ಒತ್ತಿ ಸಾರ್, ಸಾಕು.”

“ಆಗಲ್ಲ ಅಂದೆನಲ್ಲ. ಆಚೆ ನಡೀರಿ!”

ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ಜಗುಲಿಯ ನಡುವೆ ನಿಂತಳು. “ನಾನು ನಾಯಂಡಹಳ್ಳಿ ಮುನಿತಾಯಮ್ಮ! ನನ್ ಹೊಲ ಕೊಡಾಕಿಲ್ಲ!” ಎಂದು ಕೂಗಿದಳು. ಒಳಗೆ ಟೈಪು ಮಾಡುತ್ತಿದ್ದವರ ಕೈ ನಿಂತಿತು. ಆಮೇಲೆ ಬೈರಪ್ಪ ಕೂಗಿದ. ಆಮೇಲೆ ಅಂಜಮ್ಮ. ಆಮೇಲೆ ಯಾವ ದನಿ ಯಾರದೆಂದು ತಿಳಿಯದಾಯಿತು.

“ಗಲಾಟೆ ಮಾಡಿದ್ರೆ ಪೊಲೀಸ್ನೋರನ್ನ ಕರೆಸ್ತೀನಿ!”

“ಕರ್ಸು,” ಎಂದಳು ಚಿಕ್ಕಮ್ಮ. “ಬಂದು ಬರ್ಕಳ್ಳಿ, ಇವತ್ತಿನ್ ದಿನ ಇವರೆಲ್ಲ ಗಲಾಟೆ ಮಾಡಿದ್ರು ಅಂತ. ಬಾಯಿ ಬಡ್ಕಂಡಿದ್ದನ್ನ ಒಪ್ಪಿಗೆ ಅಂತ ಯಾವನು ಅರ್ಥ ಮಾಡ್ಕತಾನೋ ನೋಡಾನ.”

ಗುಮಾಸ್ತ ಸಿಟ್ಟಿನ ಭರದಲ್ಲಿ ಕರೆಸಿಯೇ ಬಿಟ್ಟ. ದಫೇದಾರ ಬಂದು ಪುಸ್ತಕ ಬಿಚ್ಚಿ ಪೆನ್ಸಿಲ್ಲಿಗೆ ಎಂಜಲು ಹಚ್ಚಿದ. “ಹೇಳಿ, ಹೆಸರು?”

ಗುಮಾಸ್ತನಿಗೆ ಹೊಳೆದದ್ದು ಆಗ. “ಬಿಡಿ ದಫೇದಾರ್ರೇ, ಹಳ್ಳಿ ಜನ. ಹೋಗ್ಲಿ ಬಿಡಿ.”

“ಹೋಗಾಕಿಲ್ಲ,” ಎಂದಳು ಚಿಕ್ಕಮ್ಮ. “ನೀನು ಬರ್ಕಳಪ್ಪ. ತಾರೀಕು ಮೊದ್ಲು ಹಾಕು.”

ಒಬ್ಬೊಬ್ಬರೇ ಹೆಸರು ಬರೆಸಿದರು. ನನ್ನ ಹೆಸರು ಕೊನೆಗೆ ಬಂತು. ಆದದ್ದನ್ನು ವಿವರಿಸಲು ನಾನು ಬಾಯಿ ತೆರೆದೆ, ಬೈರಪ್ಪ ಅಡ್ಡ ಬಂದ.

“ಈ ನಾರಾಣಪ್ಪನ ಮಾತು ಮಾತ್ರ ನಂಬಬ್ಯಾಡಿ ಸ್ವಾಮಿ. ಏನ್ ಬರ್ಕಂಡ್ರಿ ಅಂತ ನೀವೇ ಓದಿ ಹೇಳಿ.”

ದಫೇದಾರ ಓದಿದ: “ಕಚೇರಿಯ ಮುಂದೆ ಗುಂಪು ಕೂಡಿ, ಹೊಲ ಕೊಡುವುದಿಲ್ಲವೆಂದು ಗಟ್ಟಿಯಾಗಿ ಕೂಗಿ ತಕರಾರು ಮಾಡಿದರು.”

“ಇನ್ನೊಂದ್ ಸಲ ಓದು,” ಎಂದಳು ಚಿಕ್ಕಮ್ಮ. “ಒಳಗಿರೋರ್ಗೂ ಕೇಳ್ಲಿ.”