ಬೈದು ಬದುಕಿಸುವ ಚಂದ್ರಬಾಯಿ

ಕಾಯಿಲೆ ಬಿದ್ದ ಕೋಳಿಯನ್ನು ಚಂದ್ರಬಾಯಿ ಮೊದಲು ಬೈಯುತ್ತಾಳೆ, ಆಮೇಲೆ ಔಷಧಿ ಕೊಡುತ್ತಾಳೆ. ಎಡ ಕಂಕುಳಲ್ಲಿ ಅದನ್ನು ಅವುಚಿಕೊಂಡು, ಬಲಗೈಯಿಂದ ಕೊಕ್ಕು ಬಿಡಿಸಿ, ಬೆಳ್ಳುಳ್ಳಿ ಅರಿಸಿನ ಬೆರೆಸಿದ ಜೋಳದ ಹಿಟ್ಟಿನ ಗುಳಿಗೆಯನ್ನು ಗಂಟಲಿಗಿಳಿಸುತ್ತ, "ಸಾಯ್ತೀ ಏನ? ಸಾಯಿ ನೋಡಮ! ನಿಮ್ಮವ್ವನೂ ಹಿಂಗೇ ಸೋಗು ಹಾಕ್ತಿತ್ತು" ಎಂದು ಅದರ ಏಳು ತಲೆಮಾರನ್ನು ಜಾಲಾಡುವ ಆ ಏರುಕಂಠ, ಮಹಾನಗರದ ಅಂಚಿನ ನಮ್ಮ ಮಾಜಿವಾಡಾದ ಹೆದ್ದಾರಿಯ ಗದ್ದಲವನ್ನೂ ಮೀರಿ ನಮ್ಮ ಎರಡನೆಯ ಮಹಡಿಯ ಕಿಟಕಿಗೆ ಬಂದು ಮುಟ್ಟುತ್ತದೆ. ಸರ್ಕಾರಿ ಪಶುವೈದ್ಯರ ಔಷಧಿಯನ್ನೂ ಅವಳು ತರುವುದುಂಟು. ಆದರೆ ಬೈಗುಳವಿಲ್ಲದೆ ಅದು ಮೈಗೆ ಹತ್ತುವುದಿಲ್ಲವೆಂಬುದು ಅವಳ ಅಚಲ ಸಿದ್ಧಾಂತ.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ನಮ್ಮ ಬಿಲ್ಡಿಂಗಿನ ಹಿಂದಿನ ತಗಡಿನ ಮನೆಯಲ್ಲಿ ಸಂಸಾರ. ಮೇ ತಿಂಗಳ ಬೆವರಿನಲ್ಲೂ ಸೀರೆಯ ಮೇಲೆ ಗಂಡ ಶಿವರಾಯನ ಹಳೆಯ ವಾಚ್‌ಮನ್ ಕೋಟು. ಅದರ ಜೇಬಿನಲ್ಲಿ ಒಂದಲ್ಲ ಒಂದು ಮರಿ ಬೆಚ್ಚಗೆ ಕೂತಿರುವುದರಿಂದ ನಡಿಗೆಯೂ ತುಂಬಿದ ಕೊಡ ಹೊತ್ತವರ ನಡಿಗೆ. ನಮಗೆ ನಾಟಿ ಕೋಳಿಯ ‘ಗಾವಠಿ’ ಮೊಟ್ಟೆ ಮಾರುವಾಗ, ತಿನ್ನುವವರ ಯೋಗ್ಯತೆಯನ್ನು ಅಳೆಯುವಂತೆ ಒಮ್ಮೆ ದಿಟ್ಟಿಸುತ್ತಾಳೆ. ನನ್ನ ಹೆಂಡತಿ ಹರಿಣಾಕ್ಷಿ ಉಡುಪಿ ಕಡೆಯ ಹೋಟೆಲು ಮನೆತನದವಳು. ನಮ್ಮಿಬ್ಬರಿಗೂ ಕೋಳಿಯ ಪರಿಚಯ ಚಂದ್ರಬಾಯಿ ಬರುವವರೆಗೆ ತಟ್ಟೆಯಲ್ಲಿನ ಸುಕ್ಕದ ರೂಪದಲ್ಲಿ ಮಾತ್ರ ಇತ್ತು.

ಕಳೆದ ಮಳೆಗಾಲದ ಮಾತು. ಊರಿನಿಂದ ಚೀಲದಲ್ಲಿ ಬಚ್ಚಿಟ್ಟು ರೈಲಿನಲ್ಲಿ ತಂದಿದ್ದ ಕೋಳಿಯ ವಂಶವೆಲ್ಲ ರೋಗಕ್ಕೆ ತುತ್ತಾಗಿ, ಕಾವಿಗೆ ಕೂತ ಒಂದೇ ಹೇಂಟೆ ಉಳಿದಿತ್ತು. ಮರಿಯೊಡೆಯುವ ಹೊತ್ತಿಗೆ ಸರಿಯಾಗಿ ಅದೂ ರೆಕ್ಕೆ ಜೋತು ತೂಕಡಿಸತೊಡಗಿತು. ರೋಗ ಮರಿಗಳಿಗೂ ಹತ್ತೀತೆಂದು ಚಂದ್ರಬಾಯಿ ಅದನ್ನು ಬೇರೆ ಬುಟ್ಟಿಗೆ ಹಾಕಿ, ಮೊಟ್ಟೆಗಳನ್ನು ಬಲ್ಬಿನ ಕೆಳಗಿಟ್ಟಳು. ಅಷ್ಟರಲ್ಲಿ ಅವರ ಸಾಲಿಗೆಲ್ಲ ಕರೆಂಟು ಹೋಯಿತು. ಮೊಟ್ಟೆ ತಣ್ಣಗಾದರೆ ಊರಿನ ತಳಿ ಅಲ್ಲಿಗೆ ಮುಗಿದಂತೆ.

ನಮ್ಮ ಮನೆಗೆ ಓಡಿಬಂದು, ಬಾಗಿಲು ತೆರೆದ ಹರಿಣಾಕ್ಷಿಯ ಸೆರಗಿಗೆ ಚಂದ್ರಬಾಯಿ ಕೋಟಿನೊಳಗಿನಿಂದ ಮೊಟ್ಟೆಗಳನ್ನು ಇಳಿಸತೊಡಗಿದಳು. "ಹಿಡೀರಿ ಯಕ್ಕಾ. ನಿಮ್ಮನ್ಯಾಗ ಲೈಟ್ ಅದ. ತಣ್ಣಗಾಗ್ಲಾಕ ಬಿಡಬ್ಯಾಡ್ರಿ" ಎಂದವಳೇ ಹೇಂಟೆಯ ಆರೈಕೆಗೆ ಓಡಿದಳು. ಹರಿಣಾಕ್ಷಿ ಚಪಾತಿಯ ಹಾಟ್‌ಬಾಕ್ಸಿನಲ್ಲಿ ಬಟ್ಟೆ ಹಾಸಿ, ಮೊಟ್ಟೆ ಜೋಡಿಸಿ, ಮೇಲೆ ಟೇಬಲ್ ಲ್ಯಾಂಪ್ ಬಗ್ಗಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ತಲೆಮಾರುಗಳಿಂದ ಇಡ್ಲಿ ಆರದಂತೆ ಕಾಯ್ದ ಮನೆತನದ ರಕ್ತ ಸುಮ್ಮನಿರಲಿಲ್ಲ. ಸ್ವಲ್ಪ ಹೊತ್ತಿಗೆ, ಹಿಡಿದ ಕಾವು ಹಾರಿಹೋದೀತೆಂದು, ಮುಚ್ಚಳವನ್ನೂ ಬಿಗಿದುಬಿಟ್ಟಳು.

ಮರಳಿ ಬಂದ ಚಂದ್ರಬಾಯಿ ಮುಚ್ಚಿದ ಡಬ್ಬಿ ಕಂಡು ನಿಂತಲ್ಲೇ ನಿಂತಳು. "ಉಸಿರು ಹ್ಯಾಂಗ ಆಡ್ಬೇಕ್ರಿ ಅವು?" ಎಂದಳು, ಮೆಲ್ಲಗೆ. ಮುಚ್ಚಳ ತೆಗೆದು ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದಳು. ಬೈಯಲಿಲ್ಲ. ಅವಳು ಬೈಯದಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ, ಮತ್ತು ನಿಜಕ್ಕೂ ಹೆದರಿದ್ದೆ. "ಅಯ್ಯೋ ದೇವರೇ, ನಾನೇ ಕೊಂದುಬಿಟ್ಟೆನಾ ಮಾರಾಯ್ತಿ?" ಎಂದು ಹರಿಣಾಕ್ಷಿ ಕಣ್ಣೊರೆಸಿಕೊಂಡಳು.

ಕೊನೆಯ ಮೊಟ್ಟೆಯನ್ನು ಚಂದ್ರಬಾಯಿ ಬಹಳ ಹೊತ್ತು ಕಿವಿಯಿಂದ ಇಳಿಸಲೇ ಇಲ್ಲ. ಚಿಪ್ಪಿನಲ್ಲೊಂದು ಬಿರುಕು ಮೂಡಿ, ಅಲ್ಲಿಂದ ಸಣ್ಣ ಕೊಕ್ಕು ಇಣುಕಿತು.

"ಲೇ ಮೈಗಳ್ಳಿ! ಇಷ್ಟೊತ್ತನ ಒಳಗ ಏನ್ ಮಾಡ್ಲಾಕತ್ತಿದ್ದಿ? ತಡಿ, ನಿಮ್ಮವ್ವಗ ಹೇಳ್ತೀನಿ!"

ಯಾವ ಕಛೇರಿಯಲ್ಲೂ ಕೇಳದ ಸಂಗೀತವದು ನನಗೆ. ಉತ್ಸಾಹದಿಂದ ಚಿಪ್ಪು ಸುಲಿಯಹೋದ ಹರಿಣಾಕ್ಷಿಯ ಕೈಗೊಂದು ಪೆಟ್ಟು ಬಿತ್ತು: "ಕೈ ತಗೀರಿ! ಅದರ ಕೆಲ್ಸ ಅದೇ ಮಾಡ್ಕೋತದ." ಸಂಜೆಯ ಹೊತ್ತಿಗೆ ನಮ್ಮ ಊಟದ ಮೇಜು ಬಾಣಂತಿ ಕೋಣೆಯಾಗಿತ್ತು. ಎರಡು ಮೊಟ್ಟೆ ಒಡೆಯಲಿಲ್ಲ; ಸತ್ತವೆಂದುಕೊಂಡಿದ್ದ ಉಳಿದವೆಲ್ಲ ಒಂದೊಂದಾಗಿ ಹೊರಬಂದು, ಮೈ ಒಣಗಿಸಿಕೊಂಡು, ಹರಿಣಾಕ್ಷಿ ಬೆರಳಿನಿಂದ ಕೊಕ್ಕಿಗೆ ಮುಟ್ಟಿಸಿದ ಬೆಲ್ಲದ ನೀರು ಕುಡಿದವು. ಕೆಲವು ದಿನಗಳಲ್ಲಿ ಹೇಂಟೆಯೂ ಚೇತರಿಸಿಕೊಂಡು ಒಡತಿಯ ಬೆರಳನ್ನೇ ಕುಕ್ಕಿ, ಅದಕ್ಕೆ ತಕ್ಕ ಬೈಗುಳ ತಿಂದಿತು.

ಇಂಥವರು ಸಹಾಯ ಕೇಳುವುದಿಲ್ಲ, ಕೆಲಸ ಹಚ್ಚುತ್ತಾರೆ. ಉಪಕಾರ ಮಾಡಿದೆನೆಂಬ ಹಮ್ಮು ಮೂಡುವಷ್ಟು ಬಿಡುವನ್ನೂ ನಮಗೆ ಕೊಡುವುದಿಲ್ಲ. ಕೈಗೊಂದು ಜೀವ ಒಪ್ಪಿಸಿ, ತಪ್ಪಿದರೆ ತಿದ್ದಿ, ಸರಿಹೋದರೆ ಇನ್ನಷ್ಟು ಜೋರಾಗಿ ಗದರಿ, ಒಂದು ಮಧ್ಯಾಹ್ನದೊಳಗೆ ಪರಕೀಯರನ್ನು ಮನೆಯವರನ್ನಾಗಿ ಮಾಡಿಬಿಡುತ್ತಾರೆ. ಸಿಹಿಮಾತಿನವರು ನೂರಾರು ಮಂದಿ ಸಿಕ್ಕಾರು. ಬದುಕಿಕೊಳ್ಳುವುದು ಮಾತ್ರ ಚಂದ್ರಬಾಯಿಯಂಥವರ ಬಾಯಿಗೆ ಬಿದ್ದವರು.